ಹಳೆಯ ಲೆಕ್ಕವನ್ನು ಹೊಸ ಸಾಫ್ಟ್‌ವೇರ್‌ಗೆ ಯಾಕೆ ತುಂಬಿಸುತ್ತಿಲ್ಲ

ಮಂಡಿಪೇಟೆ, ದಾವಣಗೆರೆ

ನಮ್ಮಲ್ಲಿ ಮನೆ ಲೆಕ್ಕ ಬರೆಸುವ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಏಪ್ರಿಲ್ 1ರಿಂದ ನಿಮ್ಮ ಲೆಕ್ಕವನ್ನು ಗ್ನೂಕ್ಯಾಶ್ ಎಂಬ ಸಾಫ್ಟ್‌ವೇರ್‌ನಲ್ಲಿ ಬರೆಯುತ್ತೇವೆ. ಹಳೆಯದನ್ನು ಅದರ ಕಂಪನಿಯೇ ನಿಲ್ಲಿಸಿದೆ. ನಮ್ಮ ಒಂದು ಹಳೇ ಕಂಪ್ಯೂಟರ್ ಬಿಟ್ಟರೆ ಬೇರೆಲ್ಲೂ ಅದು ಓಡುವುದಿಲ್ಲ. ಆ ಕಂಪ್ಯೂಟರ್ ಕೆಟ್ಟರೆ ನಿಮ್ಮ ಲೆಕ್ಕದ ಗತಿ ಏನು ಅನ್ನೋ ಚಿಂತೆ ನಮಗೆ ಎರಡು ವರ್ಷದಿಂದ ಇತ್ತು. ಗ್ನೂಕ್ಯಾಶ್‌ಗೆ ದುಡ್ಡು ಕೊಡಬೇಕಿಲ್ಲ. ಬೇಕಾದರೆ ನೀವೇ ಮನೆಯಲ್ಲಿ ಹಾಕಿಕೊಂಡು ನೋಡಬಹುದು.

ಆದರೆ ನಾವು ಕೊಟ್ಟಿದ್ದ ಒಂದು ಮಾತು ಬದಲಾಗಿದೆ. ಹಿಂದಿನ ಎಲ್ಲ ವರ್ಷಗಳ ಲೆಕ್ಕವನ್ನೂ ಹೊಸದಕ್ಕೆ ತುಂಬಿಸುತ್ತೇವೆ ಅಂದಿದ್ದೆವು. ಅದನ್ನು ಮಾಡುತ್ತಿಲ್ಲ. ಮಾರ್ಚ್ 31ರ ಶಿಲ್ಕನ್ನು, ಅಂದರೆ ಅಂದು ಉಳಿದ ಬಾಕಿಯನ್ನು, ಮಾತ್ರ ಆರಂಭ ಶಿಲ್ಕಾಗಿ ಹಾಕಿ ಹೊಸ ಪುಸ್ತಕ ತೆರೆಯುತ್ತೇವೆ. ಯಾಕೆ ಅಂತ ಬಿಡಿಸಿ ಹೇಳಬೇಕು.

ಜನವರಿಯಲ್ಲಿ ಮೂರು ಮನೆಗಳ ಲೆಕ್ಕವನ್ನು, ಅವರನ್ನು ಕೇಳಿಯೇ, ಇಂಪೋರ್ಟ್ ಮಾಡಿ, ಅಂದರೆ ಫೈಲ್‌ನಿಂದ ಹೊಸದಕ್ಕೆ ತುಂಬಿಸಿ, ನೋಡಿದೆವು. ಒಟ್ಟು ಮೊತ್ತ ಪೈಸೆಗೆ ಪೈಸೆ ತಾಳೆಯಾಯಿತು. ನಿಟುವಳ್ಳಿಯ ಮೇಷ್ಟ್ರೊಬ್ಬರಿಗೆ ‘ಎಲ್ಲ ಸರಿ ಬಂತು ಸರ್’ ಅಂತ ಫೋನ್ ಕೂಡ ಮಾಡಿದೆವು. ಮರುದಿನ ಅವರ ಮನೆಯವರು ಪಾಸ್‌ಬುಕ್ ಹಿಡಿದುಕೊಂಡು ಬಂದರು. ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಮಾರ್ಚ್‌ನಲ್ಲಿ ಬಂದ ಠೇವಣಿ ಬಡ್ಡಿ ನಿಮ್ಮ ಲೆಕ್ಕದಲ್ಲಿ ಏಪ್ರಿಲ್‌ಗೆ ಹೋಗಿದೆಯಲ್ಲಪ್ಪಾ’ ಅಂದರು.

ಪಾಸ್‌ಬುಕ್ಕಿನಲ್ಲಿ 04/03 ಅಂತಿತ್ತು, ಅಂದರೆ ಮಾರ್ಚ್ 4. ಅವರ ಲೆಕ್ಕದ ಸಿಎಸ್‌ವಿ ಫೈಲನ್ನು (ವ್ಯವಹಾರಗಳು ಸಾಲು ಸಾಲಾಗಿ ಇರುವ ಸಾದಾ ಫೈಲ್) ನಾವು ಎಕ್ಸೆಲ್‌ನಲ್ಲಿ ತೆರೆದು ತಾರೀಖುಗಳನ್ನೆಲ್ಲ ಒಂದೇ ರೂಪಕ್ಕೆ ತಂದಿದ್ದೆವು. ಆ ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿತ್ತು, ಅಲ್ಲಿ ತಿಂಗಳು ಮೊದಲು. 12ನೇ ತಾರೀಖಿನವರೆಗಿನದ್ದು ತಿರುಗುಮುರುಗಾಯಿತು. 13ರಿಂದ ಮುಂದಿನದ್ದು ತಿಂಗಳಾಗಲು ಸಾಧ್ಯವಿಲ್ಲ, ಹಾಗಾಗಿ ಸುಮ್ನೆ ಇದ್ದ ಹಾಗೇ ಉಳಿಯಿತು. ಅರ್ಧ ಸರಿ, ಅರ್ಧ ತಪ್ಪು. ಮೊತ್ತ ಮಾತ್ರ ಒಂದು ಪೈಸೆಯೂ ಬದಲಾಗುವುದಿಲ್ಲ. ಆದರೆ ಮಾರ್ಚ್‌ನ ಬಡ್ಡಿ ಏಪ್ರಿಲ್‌ಗೆ ಹೋದರೆ ಅದು ಮುಂದಿನ ಹಣಕಾಸು ವರ್ಷದ ಆದಾಯ. ರಿಟರ್ನ್ ಹಾಕುವಾಗ ಉತ್ತರ ಕೊಡಬೇಕಾದವರು ಮೇಷ್ಟ್ರು, ಅಲ್ವಾ?

ಆಮೇಲೆ ಉಳಿದೆರಡು ಮನೆಗಳದ್ದನ್ನೂ ಸಾಲು ಸಾಲಾಗಿ ನೋಡಿದೆವು. ಒಬ್ಬರು ಪ್ರತಿ ತಿಂಗಳು ಉಳಿತಾಯ ಖಾತೆಯಿಂದ 5,000 ರೂಪಾಯಿ ಅಂಚೆ ಕಚೇರಿಯ ಆರ್‌ಡಿಗೆ (ತಿಂಗಳ ಕಂತಿನ ಠೇವಣಿ) ಹಾಕುತ್ತಾರೆ. ಅವರದ್ದು ಕ್ಯೂಐಎಫ್ ಫೈಲ್, ಲೆಕ್ಕದ ಸಾಫ್ಟ್‌ವೇರ್‌ಗಳು ಬಳಸುವ ಒಂದು ಹಳೇ ರೂಪ. ಅದರಲ್ಲಿ ವ್ಯವಹಾರಕ್ಕೆ ತನ್ನದೇ ಗುರುತಿನ ಸಂಖ್ಯೆ ಇರುವುದಿಲ್ಲ. ಒಂದೇ ಕಂತು ಉಳಿತಾಯ ಖಾತೆಯ ಫೈಲ್‌ನಿಂದ ಒಮ್ಮೆ, ಆರ್‌ಡಿ ಫೈಲ್‌ನಿಂದ ಇನ್ನೊಮ್ಮೆ ಬರುತ್ತದೆ. ಹೊಸ ಸಾಫ್ಟ್‌ವೇರ್ ಇಂಥ ಜೋಡಿ ಹುಡುಕುತ್ತದೆ ನಿಜ. ಆದರೂ ಎರಡು ಕಡೆ ತಾರೀಖು ಬೇರೆ ಇದ್ದ ನಾಲ್ಕು ಕಂತು ಅದರ ಕಣ್ಣು ತಪ್ಪಿಸಿದವು. ಉಳಿತಾಯದಲ್ಲಿ 20,000 ಕಡಿಮೆ, ಆರ್‌ಡಿಯಲ್ಲಿ 20,000 ಜಾಸ್ತಿ. ಕೂಡಿದರೆ ಮತ್ತೆ ಅದೇ ಮೊತ್ತ!

ಮೂರನೆಯ ಮನೆಯ ಕೈಗಡದ ಹೆಸರುಗಳನ್ನು ಹಿಂದೆ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೆವು. ಹೊಸದರಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾದವು. ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸಿದಾಗ ಕನ್ನಡವೇನೋ ಬಂತು, ಜೊತೆಗಿದ್ದ ಇಂಗ್ಲಿಷ್ ಪದಗಳು ಕೆಟ್ಟವು. ದುಡ್ಡಿದೆ, ಯಾರಿಂದ ಬರಬೇಕು ಅಂತ ಗೊತ್ತಾಗುತ್ತಿಲ್ಲ. ಆ ಹೆಸರುಗಳನ್ನು ಈಗ ಕೈಯಲ್ಲೇ ಮತ್ತೆ ಬರೆಯುತ್ತಿದ್ದೇವೆ.

ಹತ್ತು ವರ್ಷದ ಲೆಕ್ಕದಲ್ಲಿ ಇಂಥವು ಎಷ್ಟು ಅಡಗಿರುತ್ತವೋ ಹೇಳಲಾರೆವು. ನಮಗೇ ನಂಬಿಕೆ ಬಾರದ ಪುಸ್ತಕವನ್ನು ನಿಮ್ಮ ಕೈಗೆ ಕೊಡುವುದಿಲ್ಲ. ಹಳೆಯ ವರ್ಷಗಳ ಕಿರ್ದಿ (ದಿನವಹಿ), ಖಾತೆ ಪುಸ್ತಕ ಎರಡನ್ನೂ ಇದ್ದ ಹಾಗೇ ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಡುತ್ತೇವೆ. ಬೇಕೆಂದವರಿಗೆ ಅಚ್ಚು ಹಾಕಿ ಬೈಂಡ್ ಮಾಡಿಸುತ್ತೇವೆ. ಇದ್ಯಾವುದಕ್ಕೂ ದುಡ್ಡು ತೆಗೆದುಕೊಳ್ಳುವುದಿಲ್ಲ.

ನಿಮ್ಮಿಂದ ಆಗಬೇಕಾದ್ದು ಸ್ವಲ್ಪವೇ. ಮಾರ್ಚ್ 31ರವರೆಗೆ ಎಂಟ್ರಿ ಹಾಕಿಸಿದ ಪಾಸ್‌ಬುಕ್ ತನ್ನಿ. ನಾವು ಕೊಡುವ ಆರಂಭ ಶಿಲ್ಕಿನ ಹಾಳೆಯನ್ನು ಒಟ್ಟು ಮೊತ್ತ ನೋಡಿ ಬಿಡಬೇಡಿ. ಒಂದೊಂದು ಖಾತೆಯನ್ನೂ ಪಾಸ್‌ಬುಕ್ ಜೊತೆ ಹೊಂದಿಸಿ, ಆಮೇಲೆ ಸಹಿ ಹಾಕಿ. ಇನ್ನು ಮುಂದೆ ಬ್ಯಾಂಕಿನಿಂದ ಫೈಲ್ ಇಳಿಸಿಕೊಂಡರೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡದೆ ನೇರವಾಗಿ ಕಳಿಸಿ. ಎಕ್ಸೆಲ್ ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳನ್ನೂ ಹಾರಿಸಿಬಿಡುತ್ತದೆ. ನಿಮ್ಮ ಬ್ಯಾಂಕ್ ಓಎಫ್‌ಎಕ್ಸ್ ಎಂಬ ಇನ್ನೊಂದು ರೂಪದ ಫೈಲ್ ಕೊಡುವುದಾದರೆ ಅದೇ ಒಳ್ಳೆಯದು, ಅದರಲ್ಲಿ ಪ್ರತಿ ವ್ಯವಹಾರಕ್ಕೂ ಒಂದು ಸಂಖ್ಯೆ ಇರುತ್ತದೆ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ, ಮೆಕ್ಕೆಜೋಳ ಮಾರಿದವರಿಗೆ ಒಂದು ಮಾತು. ಮಾಲು ಕೊಟ್ಟಾಗಿದೆ, ದುಡ್ಡು ಇನ್ನೂ ಬಂದಿಲ್ಲ ಅಂತಿದ್ದರೆ ಮಂಡಿಯವರು ಬರೆದುಕೊಟ್ಟ ಚೀಟಿಯನ್ನೂ ಮರೆಯದೆ ತನ್ನಿ. ಪಾಸ್‌ಬುಕ್ಕಿನಲ್ಲಿ ಅದು ಕಾಣುವುದಿಲ್ಲ, ಆರಂಭ ಶಿಲ್ಕಿನಲ್ಲಿ ಸೇರಲೇಬೇಕು.

ಇಂತಿ,
ನಿಮ್ಮ ಲೆಕ್ಕ ಬರೆಯುವವರು