ಮೊಮ್ಮಗಳಿಗೆ ಗೊತ್ತಿಲ್ಲದ್ದನ್ನು ಬರೆಯುವ ಬಗೆ

ಚಿ. ಸುಮಾಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾದಂಬರಿಯ ಕರಡು ಓದಿದೆ. ಅಜ್ಜಿ ಕಣ್ಣಾರೆ ಕಂಡ ಹತ್ಯಾಕಾಂಡವನ್ನು ಮೊದಲ ಅಧ್ಯಾಯದಲ್ಲೇ ಪೂರ್ತಿ ಹೇಳಿಬಿಟ್ಟಿದ್ದೀಯ. ತೊಡಕಾಗಿರುವುದು ಅಲ್ಲೇ. ಓದುಗರಿಗೆ ಕಾರಣ ಮೊದಲೇ ಗೊತ್ತಾಗಿಬಿಟ್ಟರೆ ಮುಂದೆ ಮೊಮ್ಮಗಳ ದಿಗಿಲು ಅವರನ್ನು ತಟ್ಟುವುದಿಲ್ಲ. ಮೂರನೇ ತಲೆಮಾರಿನ ಕೈಗೆ ಸಿಗುವುದು ಆ ಘಟನೆ ಬಿಟ್ಟುಹೋದ ಅಭ್ಯಾಸಗಳು, ಅದರ ಸುತ್ತ ಕಟ್ಟಿಕೊಂಡ ಮೌನ, ಅಷ್ಟೇ. ರಾತ್ರಿ ಮತ್ತೆ ಮತ್ತೆ ಚಿಲಕ ಮುಟ್ಟಿ ನೋಡುವ ಅಜ್ಜಿ. ಯಾಕೆಂದು ಕೇಳದೆ ಅದನ್ನೇ ಕಲಿತ ತಾಯಿ. ಚಿಲಕದ ಸದ್ದು ಕೇಳದೆ ನಿದ್ದೆ ಬಾರದ ಮೊಮ್ಮಗಳು. ಮೊದಲು ಇದನ್ನು ಬರೆ. ಕಾರಣ ಆಮೇಲೆ ಬರಲಿ, ಅದೂ ಅರೆಬರೆಯಾಗಿ.

ಸಾಹಿತ್ಯ ವಿದ್ವಾಂಸೆ ಮರಿಯಾನ್ ಹಿರ್ಶ್ ಇದಕ್ಕೆ ‘ಪೋಸ್ಟ್‌ಮೆಮೊರಿ’ ಎಂದು ಹೆಸರಿಟ್ಟರು. ಹಿರಿಯರ ಕಥೆ, ಫೋಟೊ, ವರ್ತನೆಗಳ ನಡುವೆ ಬೆಳೆದ ಮಕ್ಕಳಿಗೆ ತಾವು ಕಾಣದ್ದೂ ಸ್ವಂತ ನೆನಪಿನಷ್ಟೇ ಗಾಢವಾಗಿರುತ್ತದೆ; ಅದನ್ನು ಕಟ್ಟಿಕೊಳ್ಳುವುದು ಮಾತ್ರ ಕಲ್ಪನೆಯಿಂದ. ಆದ್ದರಿಂದ ನಿನ್ನ ಮೊಮ್ಮಗಳು ತಪ್ಪಾಗಿ ಊಹಿಸಲಿ. ಆ ತಪ್ಪಿನಲ್ಲೇ ಕಥೆ ಇದೆ.

ಈಗ ಒಂದು ದೊಡ್ಡ ಹಾಳೆ ತೆಗೆದುಕೋ. ಎಡಕ್ಕೆ ಪಾತ್ರಗಳು, ಮೇಲೆ ಇಸವಿಗಳು. ಪ್ರತಿ ಚೌಕದಲ್ಲೂ ಪಾತ್ರದ ವಯಸ್ಸು, ಆ ಹೊತ್ತಿಗೆ ಏನು ಗೊತ್ತು, ಯಾರು ಹೇಳಿದರು, ಯಾವುದನ್ನು ಮುಚ್ಚಿಟ್ಟರು ಎಂದು ಬರೆ. ನಿನ್ನ ತಾಯಿ ಪಾತ್ರ ಹತ್ತನೇ ವಯಸ್ಸಿನಲ್ಲಿ ಕೇಳಿದ ಹೆಸರಿಗೆ ಮೂವತ್ತರಲ್ಲಿ ಹೊಸದಾಗಿ ಕೇಳಿದಂತೆ ಬೆಚ್ಚುತ್ತಾಳೆ. ಹಾಳೆ ಇದ್ದಿದ್ದರೆ ಇದು ಆಗುತ್ತಿರಲಿಲ್ಲ.

ಯಾ ಜಾಸಿಯವರ ಕಾದಂಬರಿ ‘ಹೋಮ್‌ಗೋಯಿಂಗ್’ (2016) ನೋಡು. ಒಬ್ಬ ತಾಯಿಯ ಇಬ್ಬರು ಹೆಣ್ಣುಮಕ್ಕಳಿಂದ ಎರಡು ಕವಲು, ಒಟ್ಟು 14 ಅಧ್ಯಾಯ, ಅಧ್ಯಾಯಕ್ಕೊಬ್ಬರು. ಆ ಕಟ್ಟಿನಲ್ಲಿ ಕಾಲದ ಹರವು ಸಿಗುತ್ತದೆ, ಆದರೆ ಒಬ್ಬೊಬ್ಬರ ಜೊತೆ ಇರುವ ಹೊತ್ತು ಕಡಿಮೆ. ನಿನ್ನ ಮೂವರಿಗೆ ಅದು ಒಗ್ಗದು. ಅವರು ಒಂದೇ ಮನೆಯಲ್ಲಿ ಎದುರುಬದುರಾಗಿರಬೇಕು.

ಡಾಕ್ಟರ್ ಬಾಯಲ್ಲಿ ‘ಆಘಾತ ಜೀನ್‌ನಲ್ಲೇ ಬಂದಿದೆ’ ಎನ್ನಿಸಿದ್ದೀಯಲ್ಲ, ಅದನ್ನು ದಯವಿಟ್ಟು ತೆಗೆ. ಈ ವಿಷಯದಲ್ಲಿ 2016ರಲ್ಲಿ ಪ್ರಕಟವಾದ ಮನೋವಿಜ್ಞಾನಿ ರೇಚಲ್ ಯೆಹೂದಾ ತಂಡದ ಹೆಸರಾಂತ ಅಧ್ಯಯನದಲ್ಲಿದ್ದದ್ದು ನಾಜಿ ನರಮೇಧದಿಂದ ಉಳಿದ 32 ಜನ, ಅವರ 22 ಮಕ್ಕಳು. ಅಷ್ಟು ಸಣ್ಣ ಗುಂಪಿನಲ್ಲಿ ರಕ್ತದಿಂದ ಬಂದದ್ದನ್ನು ಸಾಕಣೆಯಿಂದ ಬಂದದ್ದರಿಂದ ಬೇರ್ಪಡಿಸಲಾಗದು. ಅದಕ್ಕಿಂತ ಹೆಚ್ಚಾಗಿ, ಜೀನ್ ಮೇಲೆ ಹಾಕಿಬಿಟ್ಟರೆ ಮೂವರ ನಡುವಿನ ಮಾತು, ಮುನಿಸುಗಳಿಗೆ ಕೆಲಸವೇ ಉಳಿಯುವುದಿಲ್ಲ.

ಇನ್ನೊಂದು: ನಿನ್ನ ಅಜ್ಜಿ ಇಡೀ ಪುಸ್ತಕದಲ್ಲಿ ಒಮ್ಮೆಯೂ ನಗುವುದಿಲ್ಲ. ಅವಳಿಗೆ ಇಷ್ಟದ ಕೆಲಸ, ಹಟ, ಸಣ್ಣ ಸುಳ್ಳುಗಳನ್ನು ಕೊಡು.

ಹಾಳೆ ತಯಾರಾದ ಮೇಲೆ ಮೊದಲು ಅದನ್ನೇ ಕಳಿಸು, ಅಧ್ಯಾಯಗಳನ್ನು ಆಮೇಲೆ ತಿದ್ದೋಣ.

ಇತಿ,
ದೊಡ್ಡಪ್ಪ