ಸಭೆಯ ದನಿ ಕೇಳಿಸಲಿ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ಹತ್ತಿರವಾಗುತ್ತಿದ್ದಂತೆ ಬೀದರ್ ಜಿಲ್ಲೆಯ ಚರ್ಚುಗಳಲ್ಲಿ ಹಾಡಿನ ತಾಲೀಮು ಶುರುವಾಗುತ್ತದೆ. ಹುಮನಾಬಾದ್ ತಾಲ್ಲೂಕಿನ ಹಳ್ಳಿಯೊಂದರ ಮೆಥೋಡಿಸ್ಟ್ ಸಭೆಯಲ್ಲಿ ಬಹುಕಾಲದಿಂದ ಹಾರ್ಮೋನಿಯಂ ನುಡಿಸುತ್ತ ಬಂದವನು ನಾನು. ಈಗೀಗ ನಮ್ಮ ಆರಾಧನೆಯಲ್ಲಿ ಧ್ವನಿವರ್ಧಕ ಹಾಡುತ್ತದೆ, ಸಭೆ ಕೇಳುತ್ತ ಕೂರುತ್ತದೆ. ಇದು ನನ್ನನ್ನು ಬಹಳ ನೋಯಿಸಿದೆ.

ಕೀಬೋರ್ಡ್, ಗಿಟಾರ್ ಬಂದದ್ದಕ್ಕೆ ನನ್ನ ತಕರಾರಿಲ್ಲ. ಬೈಬಲಿನ 150ನೆಯ ಕೀರ್ತನೆ ದಮ್ಮಡಿ, ತಾಳ, ತಂತಿವಾದ್ಯ, ಕೊಳಲುಗಳನ್ನೆಲ್ಲ ಸ್ತುತಿಗೆ ಕರೆಯುತ್ತದೆ. ಆದರೆ ಅದರ ಕೊನೆಯ ಕರೆ ಉಸಿರಿರುವ ಎಲ್ಲರಿಗೆ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ, ಸೀಲರು ಸೆರೆಮನೆಯಲ್ಲಿ ಕಾಲಿಗೆ ಕೋಳ ಬಿದ್ದಾಗ ನಡುರಾತ್ರಿ ಹಾಡಿದ್ದು ಬರೀ ಕಂಠದಿಂದ.

ಶರಣರ ವಚನ, ವಿಠಲನ ಭಕ್ತರಾದ ವಾರಕರಿಗಳ ಅಭಂಗ ಕೇಳಿ ಬೆಳೆದ ನೆಲ ಇದು. ನಮ್ಮ ಹಿರಿಯರು ಯೇಸುವಿನ ಕಥೆಯನ್ನೂ ಭಜನೆಯ ಧಾಟಿಯಲ್ಲೇ ಕಟ್ಟಿದರು. ಒಬ್ಬರು ಪಲ್ಲವಿ ಎತ್ತಿಕೊಡುತ್ತಾರೆ, ಸಭೆ ಅದನ್ನು ಹಿಡಿದು ತಿರುಗಿ ಹಾಡುತ್ತದೆ. ನಿಧಾನವಾಗಿ ಹೊರಟ ಹಾಡು ಚರಣದಿಂದ ಚರಣಕ್ಕೆ ಕಾವು ಏರಿ, ಎರಡು ಪಟ್ಟು ವೇಗದ ದುಗುನ್‌ಗೆ ಬಂದಾಗ ಢೋಲಕ್, ತಾಳ, ಚಪ್ಪಾಳೆ ಒಂದಾಗುತ್ತವೆ. ಎಲ್ಲಿ ಏರಿಸಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಢೋಲಕ್‌ನವನು ಹಾಡುವವರ ಮುಖ ನೋಡಿಯೇ ತಿಳಿಯುತ್ತಾನೆ. ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟ ತಾಳ ಯಾರ ಮುಖವನ್ನೂ ನೋಡುವುದಿಲ್ಲ. ಹೊರಟ ಲಯದಲ್ಲೇ ಮುಗಿಯುತ್ತದೆ. ಶ್ರುತಿಯೂ ಮೈಕ್ ಹಿಡಿದ ಯುವಕನ ಗಂಟಲಿಗೆ ತಕ್ಕಂತೆ. ವಯಸ್ಸಾದ ತಾಯಂದಿರು ಮೇಲಿನ ಸ್ವರ ಮುಟ್ಟಲಾರದೆ ಮೊದಲ ಚರಣಕ್ಕೇ ಸುಮ್ಮನಾಗುತ್ತಾರೆ.

ಅಕ್ಷರ ಬಾರದ ಈ ತಾಯಂದಿರಿಗೆ ಬೈಬಲ್ ತಲುಪಿದ್ದೇ ಹಾಡಿನಲ್ಲಿ. ಬೆತ್ಲೆಹೇಮಿನ ಗೋದಲಿ, ಕಾನಾ ಊರಿನ ಮದುವೆ, ಮನೆ ಬಿಟ್ಟುಹೋದ ಕಿರಿಯ ಮಗ ಎಲ್ಲವೂ ಅವರಿಗೆ ಕಂಠಪಾಠ. ಇವರ ಬಾಯಿ ಕಟ್ಟಿಸಿದ ಆರಾಧನೆಯನ್ನು ನಾನು ಒಪ್ಪಲಾರೆ.

ಮೆಥೋಡಿಸ್ಟರಿಗಂತೂ ಇದು ಹೊಸ ಪಾಠವೇನಲ್ಲ. ನಮ್ಮ ಪಂಥಕ್ಕೆ ನಾಂದಿ ಹಾಡಿದ ಸೋದರರಲ್ಲಿ ಕಿರಿಯರಾದ ಚಾರ್ಲ್ಸ್ ವೆಸ್ಲಿ 6,000ಕ್ಕೂ ಹೆಚ್ಚು ಗೀತೆಗಳನ್ನು ಬರೆದರು. ಅವರ ಅಣ್ಣ ಜಾನ್ ವೆಸ್ಲಿ 1761ರಲ್ಲಿ ಹಾಡುವವರಿಗೆ ಕೊಟ್ಟ ಸೂಚನೆಗಳಲ್ಲಿ, ಎಲ್ಲರೂ ಹಾಡಬೇಕು, ಧೈರ್ಯದಿಂದ ದನಿಯೆತ್ತಬೇಕು ಎಂದಿದೆ. ಅರಚಿ ಉಳಿದವರ ದನಿಯನ್ನು ಮುಳುಗಿಸಬಾರದು ಎಂದೂ ಇದೆ.

ಸಭಾಪಾಲಕರಲ್ಲಿ, ಯುವಕ ಸಂಘದವರಲ್ಲಿ ನನ್ನ ವಿನಂತಿ ಇಷ್ಟೇ. ಭಾನುವಾರದ ಎರಡು ಹಾಡುಗಳಾದರೂ ಮೈಕ್ ಇಲ್ಲದೆ, ಎಲ್ಲರ ಗಂಟಲಿಗೆ ಒಗ್ಗುವ ಶ್ರುತಿಯಲ್ಲಿ ಇರಲಿ. ರಾತ್ರಿ ಕ್ಯಾರೋಲ್‌ಗೆ ಮನೆ ಮನೆಗೆ ಹೋಗುವಾಗ ಸ್ಪೀಕರ್ ಕಟ್ಟಿದ ವಾಹನ ಬಿಟ್ಟು ಢೋಲಕ್ ಕೊರಳಿಗೆ ಹಾಕಿಕೊಳ್ಳಿ. ಹಸುಗೂಸು, ಕಾಯಿಲೆಯವರು ಇರುವ ಓಣಿಗೂ ಅದೇ ಹಿತ. ಅಚ್ಚಾಗದ ಭಜನೆಗಳನ್ನು ಹಿರಿಯರಿಂದ ಹಾಡಿಸಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ, ಸಾಹಿತ್ಯವನ್ನು ವಹಿಯಲ್ಲಿ ಬರೆದಿಡಿ. ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡಲು ನಾನು ಸಿದ್ಧನಿದ್ದೇನೆ. ಶನಿವಾರ ಸಂಜೆ ಚರ್ಚಿನ ಬಾಗಿಲು ತೆರೆದುಕೊಟ್ಟರೆ ಸಾಕು.

– ಹಾರ್ಮೋನಿಯಂ ವಾದಕ, ಹುಮನಾಬಾದ್ ತಾಲ್ಲೂಕು, ಬೀದರ್ ಜಿಲ್ಲೆ