ವಿಷಯ: ಒಂದು ~ ಹಾಕಿದ್ದಕ್ಕೆ ಇಡೀ ಯಾಣ ಮಾಯವಾದ ಬಗ್ಗೆ ದೂರು

ಸಪೋರ್ಟ್ ವಿಭಾಗದವರಿಗೆ,

ಫೋನಿನಲ್ಲಿ ನಯವಾಗಿ ಹೇಳಿ ನೋಡಿದೆ. ಟಿಕೆಟ್ ಹಾಕಿದೆ. ಅದನ್ನು 'ಪರಿಹರಿಸಲಾಗಿದೆ' ಅಂತ ಮುಚ್ಚಿದಿರಿ. ಏನು ಪರಿಹಾರ ಆಯಿತೋ ನಿಮಗೇ ಗೊತ್ತು.

ನಾನು ಶಿರಸಿಯವ. ಎಲ್ಲವೂ ಬರಹದಲ್ಲೇ ನಡೆಯುವ ನಿಮ್ಮ ಆನ್‌ಲೈನ್ ಆಟದಲ್ಲಿ ದುಡ್ಡು ಕೊಟ್ಟು ಬಿಲ್ಡರ್ ಖಾತೆ, ಅಂದರೆ ಆಟದ ಜಾಗಗಳನ್ನು ಬರೆದು ಕಟ್ಟುವ ಖಾತೆ, ತಗೊಂಡವ. ಮಳೆಗಾಲ ಪೂರ್ತಿ, ಕರೆಂಟ್ ಇದ್ದಾಗೆಲ್ಲ ಕೂತು, ಸಹಸ್ರಲಿಂಗ, ಯಾಣ, ಮಿರ್ಜಾನ್ ಕೋಟೆ ಎಲ್ಲವನ್ನೂ ಕೋಣೆ ಕೋಣೆಯಾಗಿ (ಆಟದಲ್ಲಿ ಒಂದೊಂದು ಜಾಗಕ್ಕೂ ಕೋಣೆ ಅಂತಲೇ ಹೆಸರು) ಕನ್ನಡದಲ್ಲಿ ಬರೆದೆ. ಯಾಣದ ಭೈರವೇಶ್ವರ ಶಿಖರಕ್ಕೆ 'ಎತ್ತರ ~120 ಮೀಟರ್' ಅಂತ ಹಾಕಿದೆ. ಎಡಿಟರ್ ತಕರಾರು ಮಾಡಲಿಲ್ಲ, 'ಉಳಿಸಲಾಗಿದೆ' ಅಂದಿತು. ಸರ್ವರ್ ರೀಬೂಟ್ ಆದದ್ದೇ ತಡ, ವಿವರಣೆ 'ಎತ್ತರ' ಅನ್ನುವಲ್ಲಿಗೇ ಕಡಿದುಹೋಯಿತು, ಅಲ್ಲಿಂದ ಮುಂದಿನ ಒಂದು ಕೋಣೆಯೂ ಲೋಡ್ ಆಗಲಿಲ್ಲ.

ಕಾರಣ ನಾನು ಹೇಳಬೇಕಾ? ನಿಮ್ಮ ಆಟ ಡಿಕುಮಡ್ ಅನ್ನುವ ಹಳೇ ಬರಹದ ಆಟದ ವಂಶದ್ದು ಅಂತ ಲಾಗಿನ್ ಪರದೆಯಲ್ಲಿ ನೀವೇ ಹಾಕಿದ್ದೀರಿ. ಆ ವಂಶದ ಫೈಲುಗಳಲ್ಲಿ ಟಿಲ್ಡ್ (ಅದೇ ~ ಚಿಹ್ನೆ) ಅಂದರೆ 'ಪಠ್ಯ ಇಲ್ಲಿಗೆ ಮುಗಿಯಿತು' ಅಂತ. ಅದಕ್ಕೇ ಅದೇ ವಂಶದ, 1990ರ ದಶಕದ ಮರ್ಕ್ ಅನ್ನುವ ಆಟದ ಕೋಡ್‌ನಲ್ಲೇ, ಆಟಗಾರ ಬರೆದ ಟಿಲ್ಡನ್ನು ಫೈಲಿಗೆ ಹೋಗುವ ಮೊದಲು ಅಡ್ಡಗೆರೆ (-) ಮಾಡುವ ಪುಟ್ಟ ಫಂಕ್ಷನ್ ಇತ್ತು. ನಿಮ್ಮ ಸಹಾಯ ಪುಟವೋ, 'ಬರೆದದ್ದು ಬರೆದ ಹಾಗೇ ಉಳಿಯುತ್ತದೆ' ಅನ್ನುತ್ತದೆ. ಸಾಲು ಮುರಿಯುವುದಂತೂ ಕೇಳಲೇಬೇಡಿ. ನೀವು 80 ಬೈಟ್ ಎಣಿಸಿ ಕಡಿಯುತ್ತೀರಿ, ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ 'ಕ' ಒಂದಕ್ಕೇ 3 ಬೈಟ್ ಬೇಕು, ಹಾಗಾಗಿ ಅಕ್ಷರ ನಡುವೆಯೇ ತುಂಡಾಗಿ ಸಾಲಿನ ಕೊನೆಗೆ ಪ್ರಶ್ನೆ ಚಿಹ್ನೆ ಕೂರುತ್ತದೆ.

ಇದನ್ನೆಲ್ಲ ಸಹಿಸಿಕೊಂಡೆ. ಆದರೆ ಮೊನ್ನೆ ನಿಮ್ಮ ಸಿಬ್ಬಂದಿ ನನ್ನ ಜೊತೆ ಖಾಸಗಿಯಾಗಿ ಮಾತಾಡುವ ಬದಲು ಎಲ್ಲರೂ ಓದುವ ಚಾನೆಲ್‌ನಲ್ಲೇ ಶುರುಮಾಡಿದರು.

'ಸರ್, ಆ ಚಿಹ್ನೆ ಯಾಕೆ ಒತ್ತಿದ್ರಿ?'

'ಕೀಬೋರ್ಡ್ ಮೇಲೆ ಇತ್ತು, ಒತ್ತಿದೆ.'

'ಕನ್ನಡ ಬಿಟ್ಟು ಇಂಗ್ಲಿಷ್‌ನಲ್ಲಿ ಬರೀರಿ ಸರ್, ಸರಿ ಹೋಗತ್ತೆ.'

'ಮಾರಾಯ್ರೆ, ಟಿಲ್ಡ್ ಕನ್ನಡ ಅಕ್ಷರ ಅಲ್ಲ.'

'ಲೋಕಲ್ ಭಾಷೆ ಹಾಕಿದ್ರೆ ಹೀಗೇ ಸರ್. ಕಂಪ್ಯೂಟರ್ ಗೊತ್ತಿರೋರು ಯಾರಾದ್ರೂ ಮನೇಲಿ ಇದ್ದಾರಾ?'

ಯಾರೋ ನಗುವ ಕಮಾಂಡ್ ಒತ್ತಿದರು. ಇನ್ನೊಬ್ಬರು ಒತ್ತಿದರು. ಪರದೆ ತುಂಬ ನಗು. ಆಮೇಲೆ ನಿಮ್ಮವರು 'ಈ ಚಿಹ್ನೆ ತಾನೇ?' ಅಂತ ತಾವೇ ಟಿಲ್ಡ್ ಒತ್ತಿ ತೋರಿಸಲು ಹೋದರು. ಚಾನೆಲ್‌ನಲ್ಲಿ ಬಂದದ್ದು ಅಡ್ಡಗೆರೆ! ಅಂದರೆ ಹರಟೆಗೆ ಹಾಕಿದ ಜರಡಿಯನ್ನು ಎಡಿಟರ್‌ಗೆ ಹಾಕಿಲ್ಲ, ಅಲ್ವಾ? ಇದನ್ನು ಕೇಳಿದ ಕೂಡಲೇ ನಿಮ್ಮವರ ಶಿಫ್ಟ್ ಮುಗಿಯಿತು. ಎಂಥ ಸಮಯಪ್ರಜ್ಞೆ!

ಹಳೇ ಬ್ಯಾಕಪ್‌ನಿಂದ ನನ್ನ ಕೋಣೆಗಳನ್ನು ವಾಪಸ್ ತನ್ನಿ. ಉಳಿಸುವಾಗ ಟಿಲ್ಡನ್ನು ಬೇರೆ ಗುರುತಾಗಿ ಬದಲಿಸಿ, ಓದುವಾಗ ಮತ್ತೆ ಟಿಲ್ಡ್ ಮಾಡಿ. ಆಗದಿದ್ದರೆ ಎಡಿಟರೇ 'ಇದು ಬೇಡ' ಅಂತ ಹೇಳಲಿ.

ಮಾಡುತ್ತೀರಿ ಅಂತ ನಂಬಿಕೆಯೇನೂ ಇಲ್ಲ. ಕಂಪನಿ ಎಲ್ಲೇ ಇರಲಿ, ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ನಮ್ಮ ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲಿದೆ. ಆ ಚಾನೆಲ್‌ನ ಪೂರ್ತಿ ಲಾಗ್, ನಗು ಸಮೇತ, ನನ್ನ ಹತ್ತಿರ ಇದೆ. ಈ ತಿಂಗಳ ಕೊನೆಯೊಳಗೆ ಯಾಣ ವಾಪಸ್ ಬರದಿದ್ದರೆ ಘಟ್ಟ ಇಳಿದು ಅದನ್ನು ಅಲ್ಲಿ ಕೊಟ್ಟು ಬರುತ್ತೇನೆ.

ನಿಮ್ಮ 'ಲೋಕಲ್ ಭಾಷೆ' ಗ್ರಾಹಕ,
ಶಿರಸಿ